ಆಷಾಢದ ಗಾಳಿ, ಜಕ್ಕೂರಿನ ರನ್‌ವೇ

ಬೆಂಗಳೂರಿನ ನಕ್ಷೆಯೊಂದನ್ನು ಹರಡಿ, ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ಮೇಲೆ ಅಡಿಪಟ್ಟಿ ಇಟ್ಟು ಪಶ್ಚಿಮಕ್ಕೆ ಗೆರೆ ಎಳೆಯಿರಿ. ಅದು ಗಾಲ್ಫ್ ಮೈದಾನ ದಾಟುತ್ತದೆ, ವಿವೇಕನಗರ, ವಿಲ್ಸನ್ ಗಾರ್ಡನ್ ಕಡೆಯಿಂದ ಹಾದು ಲಾಲ್‌ಬಾಗಿಗೆ ಬರುತ್ತದೆ, ಹೆಚ್ಚುಕಡಿಮೆ ಬಸವನಗುಡಿಯೂ ಚಾಮರಾಜಪೇಟೆಯೂ ಕೂಡುವ ಕಡೆ ತಲೆಯ ಮೇಲೆ ನಿಲ್ಲುತ್ತದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾಗುವವರೆಗೂ ಪಶ್ಚಿಮದಿಂದ ಬಂದು ಇಳಿಯುವ ವಿಮಾನಗಳಿಗೆ ಇದೇ ದಾರಿ. ಚಕ್ರ ಬಿಟ್ಟುಕೊಂಡು ಬರುವ ವಿಮಾನದ ಹೊಟ್ಟೆಯನ್ನು ತಾರಸಿ ಮೇಲೆ ನಿಂತು ನೋಡಿದ ತಲೆಮಾರು ಈ ಬಡಾವಣೆಗಳಲ್ಲಿ ಇನ್ನೂ ಇದೆ.

ಅದೇ ತಾರಸಿಗಳ ಮೇಲೆ ಆಷಾಢದಲ್ಲಿ ಗಾಳಿಪಟ ಹಾರುತ್ತಿತ್ತು. ವಿಮಾನದ ದಾರಿಗೂ ಗಾಳಿಪಟಕ್ಕೂ ಕಾರಣ ಒಂದೇ. ಬೆಂಗಳೂರಿನ ಗಾಳಿ ವರ್ಷದ ಬಹುಪಾಲು ಪೂರ್ವ ಪಶ್ಚಿಮವಾಗಿ ಓಡಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣದಿಂದ, ದೀಪಾವಳಿ ಕಳೆದ ಮೇಲೆ ಮೂಡಣದಿಂದ. ವಿಮಾನ ಗಾಳಿಗೆ ಎದೆ ಕೊಟ್ಟೇ ಇಳಿಯಬೇಕು, ಏರಬೇಕು. ಆದ್ದರಿಂದ ಇಲ್ಲಿನ ರನ್‌ವೇಗಳೆಲ್ಲ ಒಂದೇ ದಿಕ್ಕಿಗೆ ಮಲಗಿವೆ. ಎಚ್‌ಎಎಲ್, ಯಲಹಂಕ, ದೇವನಹಳ್ಳಿಯ ಎರಡೂ ರನ್‌ವೇಗಳು, ಗಡಿಯಾಚೆ ಹೊಸೂರಿನ ಖಾಸಗಿ ಏರೋಡ್ರೋಮ್, ಎಲ್ಲದರ ತುದಿಯಲ್ಲೂ ಒಂದೇ ಜೋಡಿ ಸಂಖ್ಯೆ: 09 ಮತ್ತು 27. ದಿಕ್ಸೂಚಿಯ 90 ಮತ್ತು 270 ಡಿಗ್ರಿಗಳ ಕೊನೆಯ ಸೊನ್ನೆ ತೆಗೆದರೆ ಬರುವ ಸಂಖ್ಯೆಗಳು ಅವು. ಜಕ್ಕೂರಿನದು ಮಾತ್ರ 08 ಮತ್ತು 26, ಹತ್ತು ಡಿಗ್ರಿ ಓರೆ.

ಈ ಲೇಖನಕ್ಕೆ ಬೇಕಾಗಿರುವುದು ಜಕ್ಕೂರೇ. ದೊಡ್ಡ ವಿಮಾನಗಳ ಸುದ್ದಿ ಎಲ್ಲರಿಗೂ ತಿಳಿಯುತ್ತದೆ. ಎರಡು ನಾಲ್ಕು ಆಸನದ ಪುಟ್ಟ ವಿಮಾನ ಗಾಳಿಯಲ್ಲಿ ಇಳಿಯಲು ಹೋಗಿ ರನ್‌ವೇ ಪಕ್ಕ ಮಗುಚಿಕೊಂಡರೆ ಪತ್ರಿಕೆಯಲ್ಲಿ ನಾಲ್ಕು ಸಾಲು, ಒಂದು ಫೋಟೊ, ಮರುದಿನಕ್ಕೆ ಮರೆವು. ಆ ನಾಲ್ಕು ಸಾಲಿನಲ್ಲಿ ಗಾಳಿಯ ಮೇಲೆ ದೂರು ಹೊರಿಸಿ ಮುಗಿಸುವುದು ರೂಢಿ. ಗಾಳಿಗೆ ವಕೀಲರಿಲ್ಲವಲ್ಲ.

ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ 1940ರ ದಶಕದ ಕೊನೆಯದು. ರಾಜ್ಯ ಸರ್ಕಾರದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೈಕೆಳಗಿದೆ. ವಿಮಾನ ಕಲಿಕೆಯನ್ನು ಕ್ರೀಡೆಯ ಜೊತೆ ಸೇರಿಸಿದ ಕಾಲದ ಗುರುತು ಅದು. 1958ರಲ್ಲಿ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡು ಮೊದಲು ಹಾರಿದ ‘ಪುಷ್ಪಕ್’ ಎಂಬ ಎರಡಾಸನದ ವಿಮಾನ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆಲ್ಲ ಹೋಯಿತು. ಬೆಂಗಳೂರಿನಲ್ಲೇ ಹುಟ್ಟಿದ ಆ ಪುಷ್ಪಕ್ ಗಾಳಿಯ ಪಾಠವನ್ನು ಸಲೀಸಾಗಿ ಬಿಟ್ಟುಕೊಡುವ ವಿಮಾನವಾಗಿರಲಿಲ್ಲ. ಅದಕ್ಕೆ ಬಾಲದ ಕೆಳಗೆ ಪುಟ್ಟ ಚಕ್ರ. ಅದರ ಕಥೆ ಮುಂದೆ ಬರುತ್ತದೆ.

ಜಕ್ಕೂರು ಅಂದರೆ ಕನ್ನಡಿಗರ ಮನಸ್ಸಿಗೆ ಮೊದಲು ಬರುವುದು 2004ರ ಏಪ್ರಿಲ್ 17. ‘ದ್ವೀಪ’ ಚಿತ್ರದ ನಟಿ ಸೌಂದರ್ಯ ಚುನಾವಣಾ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟಿದ್ದ ಸೆಸ್ನಾ 180 ವಿಮಾನ ಜಕ್ಕೂರಿನಿಂದ ಏರಿದ ಕೆಲವೇ ಕ್ಷಣದಲ್ಲಿ ಪಕ್ಕದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು ಹೊತ್ತಿ ಉರಿಯಿತು. ನಾಲ್ವರೂ ಉಳಿಯಲಿಲ್ಲ. ಅದು ಏರುವಾಗಿನ ದುರಂತ. ಹದಿನೆಂಟು ವರ್ಷ ಕಳೆದು, 2022ರಲ್ಲಿ, ಅದೇ ಏಪ್ರಿಲ್ 17ರಂದು, ಅದೇ ಜಕ್ಕೂರಿನಲ್ಲಿ ಖಾಸಗಿ ಸಂಸ್ಥೆಯೊಂದರ ಸೆಸ್ನಾ 185 ಇಳಿಯುವಾಗ ರನ್‌ವೇ ಬಿಟ್ಟು ಸರಿದು ತಲೆಕೆಳಗಾಗಿ ಬಿತ್ತು. ಚಕ್ರ ಆಕಾಶಕ್ಕೆ, ರೆಕ್ಕೆ ನೆಲಕ್ಕೆ. ಒಳಗಿದ್ದವರು ಬದುಕಿದರು.

ಈ ಎರಡು ಘಟನೆಗಳ ಅಂತರದಲ್ಲೇ ಒಂದು ಸತ್ಯವಿದೆ. ಸಣ್ಣ ವಿಮಾನಗಳ ಅವಘಡಗಳಲ್ಲಿ ಅತಿ ಹೆಚ್ಚು ನಡೆಯುವುದು ಇಳಿಯುವಾಗ. ಅತಿ ಕಡಿಮೆ ಜೀವ ಹೋಗುವುದೂ ಆಗಲೇ. ಇಳಿಯುವ ವಿಮಾನ ನಿಧಾನವಾಗಿರುತ್ತದೆ, ನೆಲಕ್ಕೆ ಹತ್ತಿರವಿರುತ್ತದೆ. 2023ರ ಮೇನಲ್ಲಿ ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ತೊಂದರೆಗೆ ಸಿಕ್ಕಿ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಇಬ್ಬರಿಗೂ ಸಣ್ಣಪುಟ್ಟ ಗಾಯವಷ್ಟೇ ಆಯಿತು. ವೇಗ ಕಡಿಮೆಯಿದ್ದರೆ ಹೊಲವೂ ತಡೆದುಕೊಳ್ಳುತ್ತದೆ.

ಆದರೆ ಈ ನಿಧಾನವೇ ಗಾಳಿಯ ಮುಂದೆ ದೌರ್ಬಲ್ಯ. ಲೆಕ್ಕ ಸರಳ. ರೆಕ್ಕೆ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಪ್ರಪಂಚದಲ್ಲಿ ಅತಿ ಹೆಚ್ಚು ತಯಾರಾದ ಸಣ್ಣ ವಿಮಾನ ಸೆಸ್ನಾ 172. ನಾಲ್ಕು ಆಸನ, ತುಂಬಿದ ತೂಕ ಸುಮಾರು 1,150 ಕಿಲೊ. ಅದು ರನ್‌ವೇ ಕಡೆ ಬರುವುದು 60ರಿಂದ 65 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 110ರಿಂದ 120 ಕಿ.ಮೀ. ದೊಡ್ಡ ಬೋಯಿಂಗ್ ಬರುವುದು 140 ನಾಟ್ ಆಸುಪಾಸಿನಲ್ಲಿ. ಎರಡಕ್ಕೂ ಎದುರುಗಾಳಿ ಥಟ್ಟನೆ 15 ನಾಟ್ ಕುಸಿಯಿತು ಅನ್ನಿ. ಬೋಯಿಂಗ್ ರೆಕ್ಕೆ ಕಳೆದುಕೊಳ್ಳುವುದು ತನ್ನ ಬಲದ ಐದನೇ ಒಂದು ಪಾಲು. 60 ನಾಟ್‌ನ ಸೆಸ್ನಾ ಕಳೆದುಕೊಳ್ಳುವುದು ಹತ್ತಿರ ಹತ್ತಿರ ಅರ್ಧ. ಒಂದೇ ಗಾಳಿ, ಒಂದಕ್ಕೆ ಜರ್ಕು, ಇನ್ನೊಂದಕ್ಕೆ ನೆಲ ಕಾಣುವ ಗಳಿಗೆ.

ಎದುರುಗಾಳಿ ನೆಟ್ಟಗಿದ್ದರೆ ಪೈಲಟ್‌ಗೆ ವರವೇ. 15 ನಾಟ್ ಎದುರುಗಾಳಿಯಲ್ಲಿ ಬಂದ ಸೆಸ್ನಾದ ನೆಲದ ವೇಗ 45 ನಾಟ್ ಮಾತ್ರ, ತುಮಕೂರು ರಸ್ತೆಯ ಕಾರಿನಷ್ಟು. ಅದೇ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಇಳಿದರೆ 75 ನಾಟ್. ಬ್ರೇಕು ಕರಗಿಸಬೇಕಾದ ಶಕ್ತಿ ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಗಿಡ್ಡ ರನ್‌ವೇಯಲ್ಲಿ ಈ ವ್ಯತ್ಯಾಸವೇ ಬೇಲಿಯ ಈಚೆ ಮತ್ತು ಆಚೆ.

ಕಷ್ಟ ಇರುವುದು ಅಡ್ಡಗಾಳಿಯಲ್ಲಿ. ತುಂಬಿದ ಹೊಳೆ ದಾಟುವ ಅಂಬಿಗ ದೋಣಿಯ ಮೂತಿಯನ್ನು ಎದುರಿನ ಘಟ್ಟಕ್ಕಲ್ಲ, ಅದಕ್ಕಿಂತ ಮೇಲಕ್ಕೆ ಹಿಡಿಯುತ್ತಾನೆ. ಸೆಳವು ಅವನನ್ನು ಘಟ್ಟಕ್ಕೇ ತಂದು ಬಿಡುತ್ತದೆ. ಪೈಲಟ್ ಮಾಡುವುದೂ ಅದನ್ನೇ. ಮೂತಿಯನ್ನು ಗಾಳಿಯತ್ತ ಓರೆ ಮಾಡಿಕೊಂಡು ಏಡಿಯ ಹಾಗೆ ಪಕ್ಕಕ್ಕೆ ಜಾರುತ್ತ ರನ್‌ವೇ ಗೆರೆಯ ಮೇಲೆ ಬರುತ್ತಾರೆ. ಆದರೆ ಚಕ್ರಗಳಿಗೆ ಓರೆ ಗೊತ್ತಿಲ್ಲ. ನೆಲ ಮುಟ್ಟುವ ಮುಂಚೆ ಬಾಲದ ಚುಕ್ಕಾಣಿಯಾದ ರಡ್ಡರ್‌ನ ಪೆಡಲ್ ತುಳಿದು ಮೂತಿಯನ್ನು ನೇರ ಮಾಡಬೇಕು. ಮಾಡಿದ ಮರುಗಳಿಗೆ ಗಾಳಿ ವಿಮಾನವನ್ನು ರನ್‌ವೇಯಿಂದಾಚೆ ತಳ್ಳಲು ಶುರು ಮಾಡುತ್ತದೆ. ಅದನ್ನು ತಡೆಯಲು ಗಾಳಿಯ ಕಡೆಯ ರೆಕ್ಕೆಯನ್ನು ತುಸು ತಗ್ಗಿಸಬೇಕು. ಸರಿಯಾದ ಅಡ್ಡಗಾಳಿ ಇಳಿತದಲ್ಲಿ ಮೊದಲು ಒಂದೇ ಚಕ್ರ ನೆಲ ತಾಕುತ್ತದೆ. ನೋಡಿದವರಿಗೆ ಎಡವಟ್ಟು ಅನ್ನಿಸುವ ಆ ಇಳಿತವೇ ಪಾಠದ ಪ್ರಕಾರ ಶುದ್ಧ.

ಚಕ್ರ ಮುಟ್ಟಿತು ಎಂದು ನಿಟ್ಟುಸಿರು ಬಿಡುವವರು ಪ್ರಯಾಣಿಕರು. ಪೈಲಟ್ ಬಿಡುವ ಹಾಗಿಲ್ಲ. ಸೆಸ್ನಾದಂಥ ವಿಮಾನಗಳ ರೆಕ್ಕೆ ನೆತ್ತಿಯ ಮೇಲಿರುತ್ತದೆ, ಸುಮಾರು 11 ಮೀಟರ್ ಉದ್ದ. ವೇಗ ಇಳಿಯುತ್ತಿದ್ದಂತೆ ರಡ್ಡರ್‌ಗೂ ರೆಕ್ಕೆಯಂಚಿನ ಏಲರಾನ್‌ಗೂ ಕಚ್ಚಲು ಗಾಳಿ ಸಾಲದೆ ಅವು ಸಡಿಲವಾಗುತ್ತವೆ. ಆದರೆ ಪಕ್ಕದ ಗಾಳಿ ಇದ್ದಷ್ಟೇ ಇದೆ. ಆಗ ಒಂದು ರಭಸ ಬಂದು ರೆಕ್ಕೆಯ ಕೆಳಗೆ ನುಗ್ಗಿದರೆ ವಿಮಾನ ಒಂದು ಚಕ್ರದ ಮೇಲೆ ಏಳುತ್ತದೆ. ಹೀಗಾಗಿ ಷೆಡ್ಡಿಗೆ ಬಂದು ಹಗ್ಗ ಬಿಗಿಯುವವರೆಗೂ ಸಣ್ಣ ವಿಮಾನ ಹಾರುತ್ತಲೇ ಇದೆ ಎಂದು ಕಲಿಸುತ್ತಾರೆ.

ಬಾಲದ ಚಕ್ರದ ಕಥೆ ಬರುವುದು ಇಲ್ಲಿ. ಸೆಸ್ನಾ 172ಕ್ಕೆ ಮೂತಿಯ ಕೆಳಗೆ ಒಂದು ಚಕ್ರ, ಹಿಂದೆ ಎರಡು. ಭಾರದ ಕೇಂದ್ರ ಆ ಎರಡರ ಮುಂದಿದೆ. ವಿಮಾನ ಓರೆಯಾಗಿ ನೆಲ ಮುಟ್ಟಿದರೂ ಭಾರವೇ ಎಳೆದು ನೇರ ಮಾಡುತ್ತದೆ. 180, 185, ನಮ್ಮ ಪುಷ್ಪಕ್ ಇವುಗಳಲ್ಲಿ ಮುಖ್ಯ ಚಕ್ರಗಳು ಮುಂದೆ, ಭಾರದ ಕೇಂದ್ರ ಅವುಗಳ ಹಿಂದೆ. ಮೂತಿ ಕೊಂಚ ತಿರುಗಿತೋ, ಹಿಂದಿನ ಭಾರ ಮುಂದಕ್ಕೆ ನುಗ್ಗಲು ನೋಡುತ್ತದೆ, ತಿರುಗು ತನ್ನಷ್ಟಕ್ಕೇ ಬಲಿಯುತ್ತದೆ. ಪೈಲಟ್‌ಗಳು ‘ಗ್ರೌಂಡ್ ಲೂಪ್’ ಎನ್ನುತ್ತಾರೆ. ಬಾಲವೂ ಗಾಳಿಗೆ ಸಿಕ್ಕ ಹಲಗೆಯೇ ಆದ್ದರಿಂದ ಅಡ್ಡಗಾಳಿ ಮೂತಿಯನ್ನು ತನ್ನತ್ತ ತಿರುಗಿಸುತ್ತಲೇ ಇರುತ್ತದೆ. ಹೊರಗಿನ ರೆಕ್ಕೆ ನೆಲಕ್ಕೆ ಬಡಿಯಬಹುದು, ಚಕ್ರದ ಕಾಲು ಮುರಿಯಬಹುದು, ಹುಲ್ಲಿನ ತಗ್ಗಿಗೆ ಸಿಕ್ಕಿ ವಿಮಾನ ಮಗುಚಲೂಬಹುದು. 2022ರ ಅವಘಡದ ದೂರನ್ನು ಗಾಳಿಗೆ ಗಂಟು ಹಾಕುತ್ತಿಲ್ಲ. ಆದರೆ ಆ ಜಾತಿಯ ವಿಮಾನ ರನ್‌ವೇ ಬಿಟ್ಟು ಸರಿದ ಮೇಲೆ ಅಷ್ಟು ಸುಲಭವಾಗಿ ಯಾಕೆ ಅಂಗಾತ ಬೀಳುತ್ತದೆ ಎನ್ನುವುದಕ್ಕೆ ಉತ್ತರ ಈ ಚಕ್ರಗಳ ಜೋಡಣೆಯಲ್ಲಿದೆ.

ಎಷ್ಟು ಅಡ್ಡಗಾಳಿ ಸಹ್ಯ? ಸೆಸ್ನಾ 172ರ ಈಚಿನ ಮಾದರಿಯ ಕೈಪಿಡಿ ಹೇಳುವುದು 15 ನಾಟ್. ಪರೀಕ್ಷಾ ಪೈಲಟ್ ಅಷ್ಟು ಗಾಳಿಯಲ್ಲಿ ಇಳಿಸಿ ತೋರಿಸಿದ್ದಾರೆ ಎಂದಷ್ಟೇ ಇದರ ಅರ್ಥ. ನಲವತ್ತು ಗಂಟೆ ಹಾರಿದ ವಿದ್ಯಾರ್ಥಿಗೆ ಅದು ಪರವಾನಗಿಯಲ್ಲ. 15 ನಾಟ್ ಅಂದರೆ ಗಂಟೆಗೆ 28 ಕಿ.ಮೀ. ಮುಂಗಾರಿನಲ್ಲಿ ಹವಾಮಾನ ಇಲಾಖೆಯ ಮುನ್ಸೂಚನೆಗಳಲ್ಲಿ ಮತ್ತೆ ಮತ್ತೆ ಬರುವ ‘ಗಂಟೆಗೆ 30ರಿಂದ 40 ಕಿ.ಮೀ. ವೇಗದ ಮೇಲ್ಮೈ ಗಾಳಿ’ಯನ್ನು ಇದರ ಪಕ್ಕ ಇಟ್ಟು ನೋಡಿ. ಮಲ್ಲೇಶ್ವರದ ಮನೆಗಳಲ್ಲಿ ಒಣಗಿಸಿದ ಬಟ್ಟೆಗೆ ಕ್ಲಿಪ್ ಹಾಕಿಸುವ ಗಾಳಿ ಪುಟ್ಟ ವಿಮಾನದ ಕೈಪಿಡಿಯ ಅಂಕಿಯನ್ನು ದಾಟಿರುತ್ತದೆ.

ಹಾಗಾದರೆ ಆಷಾಢದಲ್ಲಿ ಜಕ್ಕೂರು ಬಾಗಿಲು ಹಾಕಬೇಕಲ್ಲ? ಹಾಕಬೇಕಿಲ್ಲ. ಇಲ್ಲೇ ಹಳಬರ ಜಾಣತನ ಕಾಣುವುದು. ಗಾಳಿಯ ವೇಗಕ್ಕಿಂತ ಅದು ರನ್‌ವೇಗೆ ಮಾಡುವ ಕೋನ ದೊಡ್ಡದು. ಕೋನ 30 ಡಿಗ್ರಿ ಇದ್ದರೆ ಗಾಳಿಯ ಅರ್ಧ ಮಾತ್ರ ಅಡ್ಡಗಾಳಿ. 60 ದಾಟಿದರೆ ಹೆಚ್ಚುಕಡಿಮೆ ಪೂರ್ತಿ. ಆಷಾಢದ ಗಾಳಿ ಬರುವುದು ಪಡುವಣದಿಂದ, ಇಲ್ಲವೇ ಅದರ ತುಸು ದಕ್ಷಿಣದಿಂದ. ಜಕ್ಕೂರಿನ 26ನೇ ರನ್‌ವೇಗೆ ಅದರ ಕೋನ ಇಪ್ಪತ್ತು ಡಿಗ್ರಿ ಎಂದುಕೊಂಡರೂ 20 ನಾಟ್ ಗಾಳಿಯಲ್ಲಿ ಅಡ್ಡ ಬೀಳುವ ಪಾಲು ಏಳೇ ನಾಟ್. ಮಿಕ್ಕದ್ದೆಲ್ಲ ಎದುರುಗಾಳಿ, ವಿಮಾನವನ್ನು ಮೆಲ್ಲಗೆ ಇಳಿಸಿಕೊಳ್ಳುವ ಗಾಳಿ. ಕೊಡೆ ಮುರಿಯುವ, ಧೂಳೆಬ್ಬಿಸುವ ನಮ್ಮ ಆಷಾಢ ವಿಮಾನಕ್ಕೆ ಶತ್ರುವಲ್ಲ. ಜೋರಾಗಿದ್ದರೂ ಮಾತಿಗೆ ತಪ್ಪದ ಗಾಳಿ ಅದು.

ಮಾತಿಗೆ ತಪ್ಪುವುದು ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿ. ಮಾವಿನ ಕಾಲದ ಸಿಡಿಲು ಮಳೆ ಬರುವ ಮುಂಚೆ ಬೀಸುವ ತಣ್ಣನೆ ಗಾಳಿಯನ್ನು ಬೆಂಗಳೂರಿಗರು ಮುಖ ಒಡ್ಡಿ ಸವಿಯುತ್ತಾರೆ. ಅದು ಮೋಡದ ಹೊಟ್ಟೆಯಿಂದ ಮಳೆಯ ಜೊತೆ ಕುಸಿದು ನೆಲಕ್ಕೆ ಬಡಿದು ಸುತ್ತಲೂ ಚೆಲ್ಲಿದ ಗಾಳಿ. ಐದು ನಿಮಿಷದಲ್ಲಿ ದಿಕ್ಕು ತಿರುವು ಮುರುವಾಗುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ್ದ ಗಾಳಿಚೀಲ ಉತ್ತರಕ್ಕೆ ನೆಗೆಯುತ್ತದೆ. ಅದರ ನಟ್ಟನಡುವೆ ಹೊಕ್ಕ ವಿಮಾನಕ್ಕೆ ಮೊದಲು ಎದುರುಗಾಳಿ ಸಿಕ್ಕಿ ತೇಲಿಸುತ್ತದೆ, ಪೈಲಟ್ ಎಂಜಿನ್ ತಗ್ಗಿಸುತ್ತಾರೆ, ಅಷ್ಟರಲ್ಲಿ ಕೆಳಗೊತ್ತುವ ಗಾಳಿ, ಅದರ ಬೆನ್ನಿಗೆ ಹಿಂಗಾಳಿ. 1975ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಹೀಗೆ ಬೋಯಿಂಗ್ 727 ವಿಮಾನವೊಂದು ಬಿದ್ದು 113 ಜನ ಸತ್ತ ಮೇಲೆ ಶಿಕಾಗೊ ವಿಶ್ವವಿದ್ಯಾಲಯದ ಟೆಡ್ ಫುಜಿತಾ ಇದನ್ನು ಬಿಡಿಸಿದರು. ಯುದ್ಧ ಮುಗಿದ ಹೊಸದರಲ್ಲಿ ನಾಗಸಾಕಿಯ ಹಾನಿಯನ್ನು ಅಳೆದಿದ್ದವರು ಅವರು. ಬಾಂಬಿನ ಹೊಡೆತಕ್ಕೆ ಮರಗಳು ಸುತ್ತಲೂ ಹೊರಮುಖವಾಗಿ ಬಿದ್ದ ಮಾದರಿಯನ್ನೇ ಮೋಡದ ಕೆಳಗಿನ ಕಾಡುಗಳಲ್ಲಿ ಮತ್ತೆ ಕಂಡರು. ಅನೇಕ ಸಹೋದ್ಯೋಗಿಗಳು ಮೊದಲು ನಂಬಲಿಲ್ಲ. 1985ರಲ್ಲಿ ಡಲ್ಲಾಸ್‌ನಲ್ಲಿ ಇನ್ನೊಂದು ದೊಡ್ಡ ವಿಮಾನ ಹೀಗೇ ಬಿತ್ತು. ಈಗ ದೊಡ್ಡ ವಿಮಾನಗಳಲ್ಲಿ ಗಾಳಿಯ ಈ ದಿಢೀರ್ ತಿರುವನ್ನು ಹಿಡಿದು ಎಚ್ಚರಿಸುವ ಸಾಧನ ಇರುತ್ತದೆ. ನಾಲ್ಕು ಆಸನದ ಸೆಸ್ನಾದಲ್ಲಿ ಇರುವುದು ಪೈಲಟ್‌ನ ಕಣ್ಣು.

ಏಪ್ರಿಲ್‌ಗೆ ಇನ್ನೊಂದು ಕುತ್ತು ಇದೆ, ಅದು ಬೆಂಗಳೂರಿನ ಎತ್ತರದ್ದು. ಸಮುದ್ರ ಮಟ್ಟದಿಂದ ನಾವು ಸುಮಾರು 3,000 ಅಡಿ ಮೇಲಿದ್ದೇವೆ. ಬಿಸಿ ಗಾಳಿ ತೆಳುವಾಗುತ್ತದೆ. 35 ಡಿಗ್ರಿ ಬಿಸಿಲಿನ ಮಧ್ಯಾಹ್ನ ಲೆಕ್ಕ ಹಾಕಿದರೆ ಜಕ್ಕೂರಿನ ಗಾಳಿ ಸುಮಾರು 6,000 ಅಡಿ ಎತ್ತರದ ಗಾಳಿಯಷ್ಟು ತೆಳು. ಮುಳ್ಳಯ್ಯನಗಿರಿಯ ನೆತ್ತಿ ಇರುವುದು 6,330 ಅಡಿಯಲ್ಲಿ. ವೇಗಮಾಪಕ ಅದೇ 60 ನಾಟ್ ತೋರಿಸುತ್ತಿದ್ದರೂ ನಿಜವಾದ ವೇಗ ಒಂಬತ್ತು ಹತ್ತು ಶೇಕಡ ಜಾಸ್ತಿ, ನಿಲ್ಲಲು ಬೇಕಾದ ನೆಲ ಸುಮಾರು ಐದನೇ ಒಂದು ಪಾಲು ಜಾಸ್ತಿ. ಬೇಡವೆಂದು ಮತ್ತೆ ಮೇಲೇರಲು ಹೊರಟರೆ ಎಂಜಿನ್ನಿಗೂ ಉಸಿರು ಸಾಲದು. ಸಮುದ್ರ ತೀರದಲ್ಲಿ ಕಲಿತು ಬಂದ ಪೈಲಟ್‌ಗೆ ಬೆಂಗಳೂರು ಮತ್ತೊಮ್ಮೆ ಪಾಠ ಹೇಳುತ್ತದೆ.

ಇಷ್ಟಾದರೂ ಗಾಳಿಯ ಇಳಿತದಲ್ಲಿ ಅವಘಡ ತಪ್ಪಿಸುವ ಉಪಾಯ ಹಳೆಯದು, ಖರ್ಚಿಲ್ಲದ್ದು: ಇಳಿಯದೇ ಇರುವುದು. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತದ ಹೊತ್ತಿನಲ್ಲಿ ಚೆನ್ನೈನಲ್ಲಿ ಇಂಡಿಗೊ ವಿಮಾನವೊಂದು ರನ್‌ವೇ ಹತ್ತಿರ ತೂಗಾಡಿ ಮತ್ತೆ ಮೇಲೆದ್ದ ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ‘ಅಬ್ಬಾ, ತಪ್ಪಿತು’ ಎಂದು ಅದನ್ನು ಹಂಚಿದವರೇ ಹೆಚ್ಚು. ನನ್ನ ಮಟ್ಟಿಗೆ ಆ ವಿಡಿಯೊದ ಕೊನೆಯ ಭಾಗದಲ್ಲಿ ಕಂಡದ್ದು ಪೈಲಟ್‌ಗಳ ಸರಿಯಾದ ತೀರ್ಮಾನ. ಖಾಸಗಿ ಸಣ್ಣ ವಿಮಾನದಲ್ಲಿ ಈ ತೀರ್ಮಾನ ಇನ್ನೂ ಕಷ್ಟ. ವಿಮಾನದ ಯಜಮಾನರು ಪಕ್ಕದಲ್ಲೇ ಕೂತಿರುತ್ತಾರೆ, ಸಭೆಗೋ ಮದುವೆಗೋ ಹೊತ್ತಾಗಿರುತ್ತದೆ, ಕತ್ತಲಾಗುತ್ತಿರುತ್ತದೆ, ಜಕ್ಕೂರಿನಂಥ ಕಡೆ ರಾತ್ರಿ ಇಳಿಯುವಂತಿಲ್ಲ. ವಾಪಸು ಹೋಗೋಣ ಎನ್ನುವ ಪೈಲಟ್‌ಗೆ ಅಂಜುಬುರುಕ ಎಂಬ ಹೆಸರು ಬರುವ ಕಡೆ ವಿಮಾನ ಇಟ್ಟುಕೊಳ್ಳಬಾರದು.

ನಮ್ಮಲ್ಲಿ ಇಂಥ ಅವಘಡಗಳ ತನಿಖೆಗೆ 2012ರಿಂದ ವಿಮಾನ ಅಪಘಾತ ತನಿಖಾ ಬ್ಯೂರೊ ಇದೆ. ಅದರ ಕೆಲಸ ಯಾರನ್ನೂ ಗಲ್ಲಿಗೇರಿಸುವುದಲ್ಲ, ಮತ್ತೆ ಆಗದಂತೆ ನೋಡುವುದು. ವರದಿಗಳು ಸಾರ್ವಜನಿಕವಾಗಿ ಸಿಗುತ್ತವೆ. ಅಪಘಾತದ ದಿನ ನಾಲ್ಕು ಸಾಲು ಬರೆದ ಪತ್ರಿಕೆಗಳು ವರದಿ ಬಂದ ದಿನ ಇನ್ನು ನಾಲ್ಕು ಸಾಲು ಬರೆದರೆ ಗಾಳಿಯ ಮೇಲಿನ ಸುಳ್ಳು ದೂರುಗಳು ಎಷ್ಟೋ ಕಡಿಮೆಯಾದಾವು.

ಆದರೆ ನನ್ನ ತಕರಾರು ಪತ್ರಿಕೆಗಳ ಮೇಲಿರುವುದಕ್ಕಿಂತ ಹೆಚ್ಚು ಊರಿನ ಮೇಲಿದೆ. ಜಕ್ಕೂರಿನ ಪಕ್ಕ ಬಳ್ಳಾರಿ ರಸ್ತೆಯ ಮೇಲ್ಸೇತುವೆ ಬಂದ ಮೇಲೆ ಆ ತುದಿಯಲ್ಲಿ ಬಳಕೆಗೆ ಸಿಗುವ ರನ್‌ವೇ ಮೊಟಕಾಯಿತು. ಸುತ್ತಲೂ ಅಪಾರ್ಟ್‌ಮೆಂಟುಗಳು ಎದ್ದವು. ಗಾಳಿ ಎತ್ತರದ ಕಟ್ಟಡಕ್ಕೆ ಬಡಿದಾಗ ಅದರ ಹಿಂದೆ ಸುಳಿ ಕಟ್ಟುತ್ತದೆ. ಮಾತಿಗೆ ತಪ್ಪದ ಆಷಾಢದ ಗಾಳಿಯನ್ನೂ ಈ ಗೋಡೆಗಳು ಚಂಚಲ ಮಾಡಿ ರನ್‌ವೇ ಮೇಲೆ ಬಿಡುತ್ತವೆ. ಕೊನೆಯ ಐವತ್ತು ಅಡಿಯಲ್ಲಿ, ವೇಗ ಕನಿಷ್ಠವಿರುವಾಗ, ವಿಮಾನಕ್ಕೆ ಸಿಗುವುದು ಈ ಸುಳಿಗಳು. 2015ರ ಕೇಂದ್ರದ ನಿಯಮಗಳು ವಿಮಾನ ನಿಲ್ದಾಣಗಳ ಸುತ್ತ ಕಟ್ಟಡದ ಎತ್ತರಕ್ಕೆ ಮಿತಿ ಹಾಕುತ್ತವೆ, ನಿಜ. ಅವು ನೋಡುವುದು ವಿಮಾನ ಕಟ್ಟಡಕ್ಕೆ ತಾಗಬಾರದು ಎಂಬುದನ್ನು. ಕಟ್ಟಡದ ಹಿಂದಿನ ಗಾಳಿ ಆ ಲೆಕ್ಕದಲ್ಲಿಲ್ಲ.

ಆಸ್ಟ್ರೇಲಿಯದಲ್ಲಿ ಇದಕ್ಕೆಂದೇ ಮಾರ್ಗಸೂಚಿ ಇದೆ. ರನ್‌ವೇ ಆಸುಪಾಸಿನ ಗೊತ್ತುಪಡಿಸಿದ ವಲಯದಲ್ಲಿ ಕಟ್ಟಡವೊಂದು ತನ್ನ ಎತ್ತರದ 35 ಪಟ್ಟು ದೂರಕ್ಕಿಂತ ಹತ್ತಿರ ಬಂದರೆ ಅದರ ಹಿಂದಿನ ಗಾಳಿಯನ್ನು ಪರೀಕ್ಷಿಸಿ ನೋಡಬೇಕು. 20 ಮೀಟರ್ ಎತ್ತರದ, ಅಂದರೆ ಆರು ಅಂತಸ್ತಿನ ಕಟ್ಟಡಕ್ಕೆ ಆ ದೂರ 700 ಮೀಟರ್. ಜಕ್ಕೂರಿನ ನೆಲವೂ ಶಾಲೆಯೂ ರಾಜ್ಯ ಸರ್ಕಾರದ್ದೇ. ಸುತ್ತಲಿನ ಕಟ್ಟಡ ನಕ್ಷೆಗೆ ಮಂಜೂರಾತಿ ಕೊಡುವವರೂ ಅದರ ಅಧೀನದವರೇ. 35 ಪಟ್ಟಿನ ಈ ಪರೀಕ್ಷೆಯನ್ನು ಮಂಜೂರಾತಿಯ ಷರತ್ತಿಗೆ ಸೇರಿಸಲು ದಿಲ್ಲಿಯ ದಾರಿ ಕಾಯಬೇಕಿಲ್ಲ. ಮುಂದಿನ ಆಷಾಢದೊಳಗೆ ಸೇರಿಸಲಿ.